ಪೊರಕೆಯ ಪಾಳಿ

ಬಾಗಿಗೆ ಸಿಟ್ಟು ಬಂದರೆ ಮೊದಲು ನಗು ಬರುತ್ತಿತ್ತು. ಸಣ್ಣ ನಗುವಲ್ಲ. ಮೂರನೇ ಮಾಳಿಗೆಯಲ್ಲಿ ನಕ್ಕರೆ ಕೆಳಗಿನ ಕಿರಾಣಿ ಅಂಗಡಿಯವನು ತಕ್ಕಡಿ ಹಿಡಿದುಕೊಂಡೇ ತಲೆಯೆತ್ತಿ ನೋಡುವಂಥ ನಗು. ಅದರ ಗುಟ್ಟು ಗಂಡ ಚೆನ್ನಯನಿಗೆ ಮಾತ್ರ ಗೊತ್ತಿತ್ತು. ಹೆಂಡತಿ ಜೋರಾಗಿ ನಕ್ಕಳೆಂದರೆ ಅವನು ಮೆಲ್ಲಗೆ ಚಪ್ಪಲಿ ಹುಡುಕುತ್ತಿದ್ದ. ಬಿಲ್ಡಿಂಗಿನ ಮಾಲೀಕ ಸರ್ವೋತ್ತಮನಿಗೆ ಗೊತ್ತಿರಲಿಲ್ಲ. "ಬಾಗಿಗೆ ಎಷ್ಟು ಕೆಲಸ ಹೇಳಿದರೂ ಬೇಸರ ಇಲ್ಲ ಮಾರಾಯ್ರೆ, ಯಾವಾಗ ನೋಡಿದರೂ ನಗ್ತಾ ಇರ್ತಾಳೆ" ಎಂದು ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದ. ಪಾಪ, ಅವನಿಗೇನು ಗೊತ್ತು!

ನವಿ ಮುಂಬಯಿಯಲ್ಲಿ ತುರ್ಭೆಯ ಕಾರ್ಖಾನೆಗಳ ಬೆನ್ನಿಗೆ ಆ ಬಿಲ್ಡಿಂಗು. ಹೆಸರು ಶ್ರೀಲಕ್ಷ್ಮೀ ನಿವಾಸ. ಕೆಳಗೆ ಅಂಗಡಿಗಳು, ಮೊದಲನೇ ಮಾಳಿಗೆಯಲ್ಲಿ ಸರ್ವೋತ್ತಮನ ಸಂಸಾರ, ಅದರ ಮೇಲೆ ಸಾಲು ಸಾಲು ಬಾಡಿಗೆ ಖೋಲಿಗಳು. ಬಾಗಿ ಹತ್ತಿರದ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಡಬ್ಬಿಗಳ ಅಂಚು ಕೆತ್ತುತ್ತಿದ್ದಳು. ದಿನವಿಡೀ ನಿಂತು ಮಾಡುವ ಕೆಲಸ. ಚೆನ್ನಯ ಗೋದಾಮಿನಲ್ಲಿ ಗೋಣಿ ಹೊರುತ್ತಿದ್ದ. ಮಗಳು ಮಾನಸಿ ಒಂಬತ್ತನೇ ಕ್ಲಾಸು. ಅಮ್ಮ ತುಳುವಿನಲ್ಲಿ ಕೇಳಿದರೆ ಮಗಳು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು.

ಆ ಖೋಲಿ ಹಿಡಿದದ್ದೇ ಒಂದು ತಪ್ಪು. ಊರು ಬಿಟ್ಟು ಬಂದ ನಮ್ಮವರು ಮಾತ್ರ ಮಾಡುವಂಥ ತಪ್ಪು. ಅಷ್ಟು ದೊಡ್ಡ ನವಿ ಮುಂಬಯಿಯಲ್ಲಿ ಮರಾಠಿಯವರ ಚಾಳು ಇತ್ತು, ಉತ್ತರದ ಭಯ್ಯಾಗಳ ಚಾಳು ಇತ್ತು. ಅವರ್ಯಾರೂ ಬಾಗಿಯ ಜಾತಿ ಕೇಳಿರಲಿಲ್ಲ. ಕೇಳಿದ್ದರೂ ಹೆಸರು ಹೇಳಿದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ. ಆದರೆ ಮಾಲೀಕ ತುಳು ಮಾತಾಡುತ್ತಾನೆ ಎಂದು ಕೇಳಿದ್ದೇ ತಡ, ಬಾಗಿ ಕುಣಿದಾಡಿಬಿಟ್ಟಳು. ಕಷ್ಟಸುಖಕ್ಕೆ ನಮ್ಮ ಭಾಷೆಯವರಾದರೆ ಎಷ್ಟು ಚಂದ! ಗಂಡ ಮಗಳನ್ನು ಎಳೆದುಕೊಂಡು ಹೋದಳು.

ಸರ್ವೋತ್ತಮ ಕುರ್ಚಿ ತೋರಿಸಿ, "ಈರೆನ ಊರು ಓಲು?" ಎಂದು ಮರ್ಯಾದೆಯಿಂದಲೇ ಕೇಳಿದ. ನಿಮ್ಮ ಊರು ಎಲ್ಲಿ ಎಂದು. ಬಾಗಿ ಸಂತೋಷದಿಂದ ಕಾರ್ಕಳದ ಕಡೆ ಎಂದಳು. ಯಾವ ಗ್ರಾಮ ಎಂದ, ಹೇಳಿದಳು. ಗ್ರಾಮದಲ್ಲಿ ಯಾವ ಬದಿ ಎಂದ, ಗುಡ್ಡೆಯ ಕೆಳಗಿನ ಕೇರಿ ಎಂದೂ ಹೇಳಿಬಿಟ್ಟಳು. ಅಷ್ಟೇ ನೋಡಿ. "ನೀವು" ಎಂದು ಶುರುವಾದ ಮಾತು "ನೀನು"ಗೆ ಇಳಿಯಿತು. ಚೆನ್ನಯ ಕುರ್ಚಿಯಿಂದ ಎದ್ದು ನಿಂತ. ಯಾರೂ ಏಳು ಎನ್ನಲಿಲ್ಲ, ಅವನ ಕಾಲು ತಾನಾಗಿಯೇ ಎದ್ದಿತು. ಬಾಗಿಯ ಬಾಯಲ್ಲಿ ಎಷ್ಟೋ ವರ್ಷ ಸತ್ತು ಬಿದ್ದಿದ್ದ "ಧಣಿ" ಎಂಬ ಶಬ್ದ ಎದ್ದು ಕೂತಿತು. ಖೋಲಿಯೇನೋ ಸಿಕ್ಕಿತು.

ಶ್ರೀಲಕ್ಷ್ಮೀ ನಿವಾಸದಲ್ಲಿ ಒಂದು ಪದ್ಧತಿ ಇತ್ತು. ಮೆಟ್ಟಿಲು, ಮೊಗಸಾಲೆ ಗುಡಿಸಿ ತೊಳೆಯುವುದು ಬಾಡಿಗೆಯವರ ಕೆಲಸ, ಪಾಳಿಯ ಪ್ರಕಾರ. ನೀರಿನ ಟಾಕಿ, ಅಂಗಳ, ಗಟಾರ ಮಾಲೀಕನ ಕೆಲಸ. ಪಾಳಿಗೆ ಒಂದೇ ಪೊರಕೆ. ಅದು ಯಾರ ಬಾಗಿಲಿಗೆ ಒರಗಿ ನಿಂತಿದೆಯೋ ಆ ದಿನ ಅವರದು. ಕೆಲಸ ಮುಗಿಸಿ ಪೊರಕೆಯನ್ನು ಪಕ್ಕದ ಬಾಗಿಲಿಗೆ ಒರಗಿಸಬೇಕು. ಮಾಲೀಕನ ಬಾಗಿಲಿಗೆ ಮಾತ್ರ ಪೊರಕೆ ಹೋಗುತ್ತಿರಲಿಲ್ಲ. ಅವನ ಪಾಲಿಗೆ ಗಟಾರ ಇತ್ತಲ್ಲ, ಅದಕ್ಕೆ ಯಾರೂ ತಕರಾರು ಮಾಡಿರಲಿಲ್ಲ.

ಬಾಗಿ ಬಂದ ಮೇಲೆ ಪೊರಕೆಗೆ ಏನೋ ಆಯಿತು. ಎರಡನೇ ಮಾಳಿಗೆಯ ಪ್ರಫುಲ್ಲಾಳಿಗೆ ಮಂಡಿನೋವು. ಪೊರಕೆ ಒಂದು ಬಾಗಿಲು ಮುಂದೆ. ಅಲ್ಲಿ ಮನೆಗೆ ನೆಂಟರು. ಇನ್ನೊಂದು ಬಾಗಿಲು ಮುಂದೆ. ಬಾಗಿಯ ಪಕ್ಕದ ಖೋಲಿಯ ಮರಗಮ್ಮ, ಯಾದಗಿರಿ ಕಡೆಯವಳು, ಅವಳಿಗೆ ಡ್ಯೂಟಿಗೆ ತಡ. ಸುತ್ತಿ ಸುತ್ತಿ ಪೊರಕೆ ಬಾಗಿಯ ಬಾಗಿಲಿಗೆ ಬಂದು ನಿಂತಿತು. ಯಾರೂ ಕದ ತಟ್ಟಿ ಕೊಟ್ಟವರಲ್ಲ. ಇಟ್ಟು ಓಡುವುದು. ಅವಳು ಗುಡಿಸಿ ತೊಳೆದು ಪಕ್ಕದ ಬಾಗಿಲಿಗೆ ಒರಗಿಸಿದರೆ ಮಾರನೇ ಬೆಳಿಗ್ಗೆ ಮತ್ತೆ ಇವಳ ಬಾಗಿಲಲ್ಲೇ. ಕೆಲವು ತಿಂಗಳಿಗೆ ಎಲ್ಲರೂ ನೆಪ ಹೇಳುವುದನ್ನೂ ಬಿಟ್ಟರು. ಗಟಾರಕ್ಕೆ ಬರುತ್ತಿದ್ದ ಮುದುಕನನ್ನು ಸರ್ವೋತ್ತಮ ಬಿಡಿಸಿದ. "ಬಾಗಿ ಉಂಟಲ್ಲ, ಇನ್ನು ಅವನೆಂತಕ್ಕೆ?" ಎಂದ.

ಅಲ್ಲಿಗೆ ಎಲ್ಲರ ಕೊಳೆಗೂ ಒಂದೇ ಕೈ ಆಯಿತು. ಗುಟ್ಕಾ ಉಗಿದ ಗೋಡೆ ಮೂಲೆ. ಮೀನು ತೊಳೆದ ನೀರು. ಮಕ್ಕಳ ಡಯಾಪರು. ಮೇಲಿನಿಂದ ಕೆಳಗಿನವರೆಗೆ ಬಗ್ಗಿ ಬಕೆಟ್ ಬಕೆಟ್ ನೀರು ಸುರಿದು ಅವಳು ತಿಕ್ಕುತ್ತಿದ್ದಳು. ಸೊಂಟ ಸೆಟೆದುಕೊಳ್ಳುತ್ತಿತ್ತು. ಗಟಾರದ ಪೈಪು ಒಡೆದಿತ್ತು, ಹಾಗಾಗಿ ಅದು ತುಂಬುವುದು, ಇವಳು ಕೈ ಹಾಕಿ ಎಳೆಯುವುದು, ಮತ್ತೆ ತುಂಬುವುದು. ಇಷ್ಟು ಮಾಡಿ ಕಾರ್ಖಾನೆಗೆ ಓಡಬೇಕು. ಅವಳು ತೊಳೆದ ಮೆಟ್ಟಿಲು ಒಣಗುವ ಮೊದಲೇ ಸರ್ವೋತ್ತಮ ಸಾನಪಾಡಾದ ತನ್ನ ಹೋಟೆಲಿಗೆ ಹೊರಡುತ್ತಿದ್ದ. ಮಣ್ಣು ಮೆತ್ತಿದ ಚಪ್ಪಲಿಯಲ್ಲಿ ಒದ್ದೆ ಮೆಟ್ಟಿಲು ಇಳಿದು, ಕೆಳಗೆ ನಿಂತು ಹಿಂದಿರುಗಿ ನೋಡಿ, "ಬಾಗಿ, ಇಲ್ಲಿ ಕಾಲಿನ ಗುರುತು ಉಳಿದಿದೆ ನೋಡು. ಇನ್ನೊಮ್ಮೆ ಒರೆಸು" ಎನ್ನುತ್ತಿದ್ದ. ಗುರುತು ಯಾರದ್ದು? ಅವನದ್ದೇ! ಬಾಗಿ ಗಹಗಹಿಸಿ ನಗುತ್ತಿದ್ದಳು.

"ನೀವಾದರೂ ಒಂದು ದಿನ ಹಿಡಿಯಬಾರದಾ?" ಎಂದು ಚೆನ್ನಯನನ್ನು ಕೇಳಿದರೆ ಅವನು, "ಅದು ನಿನಗೆ ಹೇಳಿದ್ದಲ್ವಾ? ಸುಮ್ಮನೆ ಯಾಕೆ ಗಲಾಟೆ, ಇರುವ ಖೋಲಿಯೂ ಹೋದೀತು" ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಅಂಥ ಗಂಡಸು ಅವನು.

ಆ ವರ್ಷ ಮಳೆ ಮುಗಿದ ಮೇಲೆ ಕೀಲು ಕೀಲು ಹಿಡಿಯುವ ಜ್ವರ ಬಂತು. ಗಟಾರದ ಸೊಳ್ಳೆ ಯಾರನ್ನು ಮೊದಲು ಕಚ್ಚಬೇಕು? ಅದರ ಹತ್ತಿರ ದಿನಾ ಹೋಗುವವಳನ್ನೇ. ಬಾಗಿ ಚಾಪೆ ಹಿಡಿದಳು. ಬೆರಳು ಮಡಚಲು ಬರುತ್ತಿರಲಿಲ್ಲ. ಬೆಳಿಗ್ಗೆ ಪೊರಕೆ ಎಂದಿನಂತೆ ಬಾಗಿಲಲ್ಲಿತ್ತು. ಅವಳು ಏಳಲು ಹೋದರೆ ಮಾನಸಿ, "ಮಮ್ಮಿ, ತೂ ಆರಾಮ್ ಕರ್ ನಾ" ಎಂದು ಪೊರಕೆ ಹಿಡಿದು ಹೊರಟಳು. ಸ್ಕೂಲಿನ ಯೂನಿಫಾರ್ಮಿನಲ್ಲೇ.

ಮೊದಲನೇ ಮಾಳಿಗೆಯಲ್ಲಿ ಸರ್ವೋತ್ತಮ ನಿಂತಿದ್ದ. ಅವನ ಮಾತು ಮೆಟ್ಟಿಲುಗಳ ನಡುವಿನಿಂದ ಮೇಲಿನವರೆಗೂ ಕೇಳಿತು. "ಕೈ ಚಂದ ಉಂಟು ನಿನ್ನದು. ಅಮ್ಮನಿಗಿಂತ ಲಾಯ್ಕ ಮಾಡ್ತಿ. ಇನ್ನು ನೀನೇ ಮಾಡು. ಹೇಗೂ ಮುಂದೆ ನೀನೇ ಮಾಡುವುದಲ್ವಾ? ಸ್ಕೂಲಿಂದ ಬಂದು ಗಟಾರವನ್ನೂ ಒಮ್ಮೆ ನೋಡು."

ಸಂಜೆ ಗಟಾರ ಎಳೆದು ಬಂದ ಮಾನಸಿ ನಲ್ಲಿಯ ಕೆಳಗೆ ಕೈ ತೊಳೆಯುತ್ತಲೇ ಇದ್ದಳು. ಸೋಪು ಹಚ್ಚುವುದು, ಮೂಸುವುದು, ಮತ್ತೆ ಹಚ್ಚುವುದು. ಊಟಕ್ಕೆ ಕೂತು ತಟ್ಟೆ ಮುಟ್ಟದೆ ಅಮ್ಮನ ಮುಖ ನೋಡಿ, "ಚಮ್ಮಚ್ ದೇ ನಾ, ಮಮ್ಮಿ" ಎಂದಳು. ಗಂಜಿ, ಚಟ್ನಿ, ಒಣಮೀನು, ಎಲ್ಲವನ್ನೂ ಐದು ಬೆರಳಲ್ಲಿ ಕಲಸಿ ತಿಂದು ಬೆಳೆದ ಹುಡುಗಿ ತನ್ನ ಕೈಯನ್ನೇ ಬಾಯಿಗೆ ಒಯ್ಯಲಾರದೆ ಚಮಚ ಕೇಳಿದಳು.

ಬಾಗಿ ನಕ್ಕಳು. ಕೆಳಗೆ ಕಿರಾಣಿಯವನು ತಲೆಯೆತ್ತಿದ. ಚೆನ್ನಯ ಚಪ್ಪಲಿ ಹುಡುಕಿದ.

ಮಾರನೇ ದಿನ ಬಾಗಿ ಗೋಡೆ ಹಿಡಿದು ಎದ್ದಳು. ಬಾಗಿಲಲ್ಲಿದ್ದ ಪೊರಕೆಯನ್ನು ದಾಟಲಿಲ್ಲ, ಸುತ್ತಿಕೊಂಡು ಹೋದಳು. ಗುಡಿಸಲಿಲ್ಲ. ಕಾಲೆಳೆದುಕೊಂಡು ಕಾರ್ಖಾನೆಗೆ ಹೊರಟವಳನ್ನು ಸರ್ವೋತ್ತಮ ಮೆಟ್ಟಿಲಲ್ಲೇ ತಡೆದ.

"ಎಂತ ಬಾಗಿ, ಮೆಟ್ಟಿಲು ಹಾಗೇ ಉಂಟಲ್ಲ?"

"ಹೌದು, ಹಾಗೇ ಉಂಟು."

"ಯಾವಾಗ ಗುಡಿಸುವುದು ಮತ್ತೆ?"

"ನಮ್ಮ ಪಾಳಿ ಬಂದಾಗ."

"ಪೊರಕೆ ನಿನ್ನ ಬಾಗಿಲಲ್ಲೇ ಉಂಟಲ್ಲ ಮಾರಾಯ್ತಿ!"

"ಅದು ಬಂದದ್ದಲ್ಲ. ಅದು ಅಲ್ಲಿಂದ ಹೋಗಲೇ ಇಲ್ಲ. ಹೋದರಲ್ವಾ ಬರುವುದು?"

ಸರ್ವೋತ್ತಮನಿಗೆ ಮಾತು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಮುಖ ಕೆಂಪಾಯಿತು. "ಏನು, ನಾಲಿಗೆ ಉದ್ದ ಆಯ್ತಲ್ಲ? ನಿಮಗೆ ಇದೆಲ್ಲ ಹೊಸತಾ? ಊರಲ್ಲಿ ನಿನ್ನ ಅಜ್ಜ ನಮ್ಮಂಥವರ ಅಂಗಳ ಗುಡಿಸಿದವನೇ ಅಲ್ವಾ?"

"ಗುಡಿಸಿದ್ದಾರೆ. ಅದು ಸಾಕಾಗಿಯೇ ನಾವು ರೈಲು ಹತ್ತಿದ್ದು. ನೀವೂ ಎಂತದೋ ಸಾಕಾಗಿಯೇ ಹತ್ತಿದ್ದಲ್ವಾ, ಸರ್ವೋತ್ತಮಣ್ಣ? ನಾನು ಅದೆಂತ ಅಂತ ಕೇಳಿದ್ದೇನಾ?"

ಧಣಿ ಎನ್ನದೆ ಅಣ್ಣ ಎಂದಳು. ಅದು ಅವನಿಗೆ ಚಪ್ಪಲಿಯಲ್ಲಿ ಹೊಡೆದಂತೆ ಆಯಿತು. "ದೀಪಾವಳಿ ಕಳೆದ ಮರುದಿನ ಖೋಲಿ ಖಾಲಿ ಮಾಡಬೇಕು. ನಿನ್ನ ಭಾಂಡೆಕುಂಡೆ ಎಲ್ಲ ರಸ್ತೆಯಲ್ಲಿರಬೇಕು" ಎಂದು ಕೂಗಿದ. ಬಾಗಿಲು ಬಾಗಿಲಲ್ಲಿ ತಲೆಗಳು ಕಂಡವು, ಮರೆಯಾದವು. ಒಂದು ಬಾಯಿಯೂ ತೆರೆಯಲಿಲ್ಲ. ಬಾಗಿಗೆ ಅವನಿಗಿಂತ ಆ ತಲೆಗಳ ಮೇಲೆ ಹೆಚ್ಚು ಸಿಟ್ಟು ಬಂತು.

ಹೆದರಿಕೆಯೂ ಆಯಿತು, ಸುಳ್ಳು ಯಾಕೆ ಹೇಳಬೇಕು. ಮಗಳ ಸ್ಕೂಲು ಇಲ್ಲೇ ಹತ್ತಿರ. ಕಾರ್ಖಾನೆ ಹತ್ತಿರ. ಇದನ್ನು ಬಿಟ್ಟರೆ ದೂರದ ಶಹಾಡಿನ ಆಚೆ ಎಲ್ಲೋ ಹುಡುಕಬೇಕು. ಚೆನ್ನಯನಂತೂ, "ಹೋಗಿ ಕಾಲು ಹಿಡಿ ಮಾರಾಯ್ತಿ" ಎಂದು ಹಿಂದೆ ಬಿದ್ದ. ಅವಳು, "ಯಾವ ಕೈಯಲ್ಲಿ ಹಿಡೀಲಿ? ಮಗಳಿಗೆ ಚಮಚ ಕೊಟ್ಟ ಕೈಯಲ್ಲಾ?" ಎಂದಳು. ಅವನು ಗೋಡೆ ಕಡೆ ತಿರುಗಿ ಮಲಗಿದ.

ಇತ್ತ ಶ್ರೀಲಕ್ಷ್ಮೀ ನಿವಾಸದ ಶ್ರೀ ಹೋಯಿತು, ಲಕ್ಷ್ಮಿಯೂ ಹೋದಳು. ದೀಪಾವಳಿಯ ಮನೆ ತೊಳೆದ ಕೊಳೆಯೆಲ್ಲ ಮೆಟ್ಟಿಲಿಗೆ ಬಂತು. ಮಿಠಾಯಿ ಡಬ್ಬಿ, ಪಟಾಕಿ ಕಾಗದ, ಬಾಳೆಹಣ್ಣಿನ ಸಿಪ್ಪೆ. ಪ್ರಫುಲ್ಲಾಳ ಗಂಡ ಧರ್ಮಪಾಲ ಸಿಪ್ಪೆಯ ಮೇಲೆ ಕಾಲಿಟ್ಟು, ಜಾರಿ ಕೂತು, ಕೂತಂತೆಯೇ ಎರಡು ಮೆಟ್ಟಿಲು ಇಳಿದ. ಗಟಾರ ಉಕ್ಕಿ ಅಂಗಳಕ್ಕೆ ಹರಿಯಿತು. ಸರ್ವೋತ್ತಮನ ಹೆಂಡತಿ ಜಯಲತಾ ಗೇಟಿನ ಹತ್ತಿರ ಹಾಕಿದ ರಂಗೋಲಿಯ ನವಿಲು ಕಪ್ಪು ನೀರಲ್ಲಿ ಈಜಿತು. ಎಲ್ಲರೂ ಮೂಗು ಮುಚ್ಚಿಕೊಂಡು ಹತ್ತುವುದು, ಮೂಗು ಮುಚ್ಚಿಕೊಂಡು ಇಳಿಯುವುದು. ಬಾಗಿಯ ಬಾಗಿಲಲ್ಲಿ ನಿಂತ ಪೊರಕೆಯನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಒಬ್ಬರೇ ಒಬ್ಬರೂ!

ಲಕ್ಷ್ಮೀಪೂಜೆಯ ದಿನ ಮಧ್ಯಾಹ್ನ ಮರಗಮ್ಮ ಬಂದು ಬಾಗಿಲಲ್ಲಿ ನಿಂತಳು. ದೊಡ್ಡ ಬಾಯಿಯ ಹೆಂಗಸು, ಅವತ್ತು ದನಿ ಸಣ್ಣದಾಗಿತ್ತು.

"ಏ ಯವ್ವಾ ಬಾಗಿ, ಪೊರಕಿ ತಂದು ನಿನ್ನ ಬಾಗಲಕ್ಕ ಇಟ್ಟಾಕಿ ನಾನೂ ಅದೀನಿ. ನಮ್ಮೂರಾಗ ನಮಗ ಇದನ್ನ ಮಾಡಿದ್ರು. ಇಲ್ಲಿ ಬಂದು ನಾ ನಿನಗ ಮಾಡ್ದೆ. ಮಾರಿ ತೋರ್ಸಾಕ ನಾಚ್ಕಿ ಬರ್ತದ ನೋಡು."

"ನಾಚಿಕೆ ಆಮೇಲೆ ಮಾಡ್ಕೊಳ್ಳಿ ಮರಗಮ್ಮಕ್ಕ. ಈಗ ಒಂದು ತಟ್ಟೆ ಉಂಟಾ, ಬಡಿಯಲಿಕ್ಕೆ?"

"ತಾಟು? ಯಾಕ ಬೇ?"

ಬಾಗಿ ಮೂಲೆಯಿಂದ ಒಂದು ಹೊಸ ಪೊರಕೆ ತೆಗೆದಳು. ಈಚಲ ಗರಿಯದು, ಹಸಿರು ಬಣ್ಣ ಇನ್ನೂ ಮಾಸಿರಲಿಲ್ಲ. ದೀಪಾವಳಿ ಬಂದರೆ ತುರ್ಭೆಯ ನಾಕಾದಲ್ಲಿ ಹೆಂಗಸರು ಈ ಕೇರ್ಸುಣಿಗಳ ರಾಶಿ ಹಾಕಿ ಕೂರುತ್ತಾರೆ. ಆ ದಿನ ಅದು ಪೊರಕೆಯಲ್ಲ, ಲಕ್ಷ್ಮಿ. ಮರಾಠಿಯವರ ಮನೆ ಮನೆಯಲ್ಲೂ ಅದಕ್ಕೆ ಅರಸಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಇಲ್ಲೇ ಇದ್ದು ಇದ್ದು ನಮ್ಮವರೂ ಅದನ್ನು ಕಲಿತಿದ್ದರು. ಎಲ್ಲರಿಗಿಂತ ಜೋರಾಗಿ ಕಲಿತವಳು ಜಯಲತಾ. ಹಿಂದಿನ ಸಂಜೆ ಕಾರ್ಖಾನೆಯಿಂದ ಬರುವಾಗ ಆ ರಾಶಿ ಕಂಡು ಬಾಗಿಗೆ ನಡುರಸ್ತೆಯಲ್ಲೇ ನಗು ಬಂದಿತ್ತು. ಈ ಸಲ ಸಿಟ್ಟಿನದ್ದೋ ಖುಷಿಯದ್ದೋ ಅವಳಿಗೇ ಗೊತ್ತಾಗಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತು. ಮೂರನೇ ಮಾಳಿಗೆಯಿಂದ ಮೆರವಣಿಗೆ ಇಳಿಯಿತು. ಮುಂದೆ ಮಾನಸಿ, ಕೈಯಲ್ಲಿ ಹಣತೆ. ನಡುವೆ ಬಾಗಿ, ಇದ್ದುದರಲ್ಲಿ ಒಳ್ಳೆ ಸೀರೆ ಉಟ್ಟು, ಚೆಂಡುಹೂ ಸಿಕ್ಕಿಸಿದ ಕೇರ್ಸುಣಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು. ಹಿಂದೆ ಮರಗಮ್ಮ, ತಾಟು ಬಡಿಯುತ್ತಾ, "ಲಕ್ಷ್ಮೀ ಬಂದ್ಲು, ದಾರಿ ಬಿಡ್ರೋ!" ಎಂದು ಕೂಗುತ್ತಾ. ಎರಡನೇ ಮಾಳಿಗೆಯ ಮರಾಠಿ ಹೆಂಗಸು ಶಿಂದೆ ಮಾವಶಿ ಕೈಯಲ್ಲಿದ್ದ ಲಾಡು ಬಿಟ್ಟು ಓಡಿ ಬಂದಳು. "ಲಕ್ಷ್ಮೀ ಆಲಿ ಗ ಬಾಯಿ!" ಎಂದು ಬಾಗಿಯ ಕಾಲಿಗೇ ನೀರು ಹಾಕಿದಳು. ಲಕ್ಷ್ಮಿ ಹೊತ್ತವಳ ಕಾಲು ತೊಳೆಯಬೇಕು, ಅವಳಿಗೆ ಅಷ್ಟೇ ಗೊತ್ತು. ಬಾಗಿ ತನ್ನ ಒದ್ದೆ ಕಾಲನ್ನೇ ನೋಡಿದಳು. ಅವಳ ಕಾಲಿಗೆ ಇನ್ನೊಬ್ಬರು ನೀರು ಹಾಕಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ಮೊದಲನೇ ಮಾಳಿಗೆ. ಜಯಲತಾ ಬಾಗಿಲು ತೆರೆದಳು. ಒಳಗೆ ದೀಪ, ಗಂಧ, ರೇಷ್ಮೆ ಪಂಚೆ ಉಟ್ಟ ಸರ್ವೋತ್ತಮ. ಹೊರಗೆ ಬಾಗಿ, ಅವಳ ಹಿಂದೆ ಇಡೀ ಬಿಲ್ಡಿಂಗು.

"ಜಯಲತಕ್ಕ, ಲಕ್ಷ್ಮಿ ಬಂದಿದ್ದಾಳೆ. ಒಳಗೆ ಕರೀತೀರಾ, ಅಲ್ಲ ನಾನು ವಾಪಸು ಕರ್ಕೊಂಡು ಹೋಗ್ಲಾ?"

ಜಯಲತಾಳಿಗೆ ಬೆವರು ಬಂತು. ಇದುವರೆಗೆ ಬಾಗಿಗೆ ಉಳಿದ ತಿಂಡಿ ಕೊಟ್ಟರೂ ಹೊಸ್ತಿಲ ಹೊರಗೆ ನೆಲಕ್ಕೆ ಇಟ್ಟು ಕೊಡುತ್ತಿದ್ದವಳು. ಈಗ ನೆಲಕ್ಕೆ ಇಡು ಎನ್ನುವಂತಿಲ್ಲ. ಲಕ್ಷ್ಮಿಯನ್ನು ನೆಲಕ್ಕೆ ಬಿಸಾಡುವುದುಂಟಾ! ಬೇಡ ಎನ್ನುವಂತಿಲ್ಲ. ಅಮಾವಾಸ್ಯೆ ಸಂಜೆ ಬಾಗಿಲಿಗೆ ಬಂದ ಲಕ್ಷ್ಮಿಗೆ ಬೇಡ ಎಂದರೆ ಮುಂದೆ ಏನಾಗುತ್ತದೋ! ಗಂಡನ ಮುಖ ನೋಡಿದಳು. ಅವನು ಪಂಚೆಯ ಅಂಚು ಹಿಡಿದು ಒಂದು ಹೆಜ್ಜೆ ಹಿಂದೆ ಸರಿದ. ಕೊನೆಗೆ ಜಯಲತಾ ಸೆರಗು ಸರಿಮಾಡಿಕೊಂಡು ಎರಡೂ ಕೈ ಚಾಚಿದಳು. ಕೈಗೆ ಕೈ ತಾಗಿತು. "ಬನ್ನಿ" ಎಂದಳು. ಲಕ್ಷ್ಮಿಗೆ ಹೇಳಿದ್ದೋ ಬಾಗಿಗೆ ಹೇಳಿದ್ದೋ, ಬಾಗಿ ಒಳಗೆ ಹೋದಳು. ಮಾನಸಿಯೂ ಹೋದಳು, ಮರಗಮ್ಮ ತಾಟಿನ ಸಮೇತ ಹೋದಳು.

ಪೊರಕೆ ದೇವರ ಮುಂದೆ ಕೂತಿತು. ಆರತಿಯಾಯಿತು. ಆಗ ಸರ್ವೋತ್ತಮನಿಗೆ ಮೆಲ್ಲಗೆ ಹೊಳೆಯಿತು.

"ಬಾಗಿ, ಇದು... ಇದು ಪಾಳಿಯ ಪೊರಕೆಯಾ?"

"ಹೌದಣ್ಣ. ಹಳತು ಸವೆದು ಹೋಗಿತ್ತು, ಹೊಸತು ತಂದೆ. ಪೊರಕೆ ಯಾರ ಬಾಗಿಲಲ್ಲೋ ಪಾಳಿ ಅವರದ್ದು. ಆ ಪದ್ಧತಿ ನಾನು ಮಾಡಿದ್ದಲ್ಲಪ್ಪ."

ಹಿಂದೆ ಯಾರೋ ಕಿಸಕ್ಕೆಂದರು. ಶಿಂದೆ ಮಾವಶಿಗೆ ತುಳು, ಕನ್ನಡ ಅರ್ಥವಾಗದಿದ್ದರೂ ವಿಷಯ ಅರ್ಥವಾಯಿತು. ಪೂಜಿಸಿದ ಕೇರ್ಸುಣಿಯನ್ನು ಮೂಲೆಯಲ್ಲಿ ಕೂರಿಸಬಾರದು, ಬೆಳಿಗ್ಗೆ ಅದರಿಂದಲೇ ಗುಡಿಸಿ ಅಲಕ್ಷ್ಮಿಯನ್ನು ಹೊರಗೆ ಹಾಕಬೇಕು ಎಂದು ಮರಾಠಿಯಲ್ಲಿ ಕೈ ಆಡಿಸಿ ಆಡಿಸಿ ಹೇಳಿದಳು. ಇಲ್ಲದಿದ್ದರೆ ವರ್ಷವಿಡೀ ಅಲಕ್ಷ್ಮಿ ಮನೆಯಲ್ಲೇ ಉಳಿಯುತ್ತಾಳಂತೆ.

"ಗಟಾರ ನಿಮ್ಮದೇ," ಬಾಗಿ ಹೇಳಿದಳು. ಈಗ ನಗುತ್ತಿರಲಿಲ್ಲ. "ಆದರೆ ಇನ್ನೊಬ್ಬ ಬಡವನನ್ನು ತಂದು ಅವನ ಕೈ ಹಾಕಿಸಬೇಡಿ. ಒಡೆದದ್ದು ಪೈಪು. ಪೈಪು ಹಾಕಿಸಿ. ನನ್ನ ಮಗಳ ಕೈ ಇನ್ನು ಪುಸ್ತಕಕ್ಕೆ, ಅನ್ನಕ್ಕೆ. ಖೋಲಿ ಖಾಲಿ ಮಾಡು ಅಂತ ಹೇಳುವುದಿದ್ದರೆ ಈಗಲೇ ಹೇಳಿ, ಎಲ್ಲರೂ ಇದ್ದಾರೆ."

ಸರ್ವೋತ್ತಮ ಬಾಯಿ ತೆರೆಯುವ ಮೊದಲು ಮರಗಮ್ಮ ತಾಟು ಒಮ್ಮೆ ಬಡಿದಳು. "ಹಬ್ಬದ ಮರುದಿನ ಆಕಿ ಗಂಟು ಕಟ್ಟಿದ್ರ ನಾನೂ ಕಟ್ಟಾಕಿ ನೋಡ್ರಿ. ಗಟಾರದ ನೀರಿನ್ಯಾಗ ನೀವೊಬ್ರೇ ದೀಪ ಬಿಡ್ರಿ." ಪ್ರಫುಲ್ಲಾ ಧರ್ಮಪಾಲನ ಬೆನ್ನ ಹಿಂದಿನಿಂದ, "ನಾವೂ ಅಷ್ಟೇ" ಎಂದಳು. ದನಿ ಸಣ್ಣದು, ಆದರೂ ಎಲ್ಲರಿಗೂ ಕೇಳಿತು. ಜಯಲತಾ ಗಂಡನನ್ನು ದುರುಗುಟ್ಟಿ ನೋಡಿದಳು. "ಲಕ್ಷ್ಮಿ ತಂದವಳನ್ನು ಹಬ್ಬದ ದಿನ ಹೊರಗೆ ಹಾಕ್ತೀರಾ? ತಲೆ ಸಮ ಉಂಟಾ ನಿಮಗೆ?"

ಸರ್ವೋತ್ತಮ, "ನಾನು ಎಂತ ಹೇಳಿದೆ ಈಗ?" ಎಂದ. ಅಲ್ಲಿಗೆ ಮುಗಿಯಿತು.

ಪಾಡ್ಯದ ಬೆಳಿಗ್ಗೆ ಆ ಬಿಲ್ಡಿಂಗಿನಲ್ಲಿ ಯಾರೂ ಎಣ್ಣೆಸ್ನಾನಕ್ಕೆ ಹೋಗಲಿಲ್ಲ. ಎಲ್ಲರೂ ಬಾಗಿಲ ಸಂದಿಯಲ್ಲಿ. ಸರ್ವೋತ್ತಮ ಬನಿಯನ್ ತೊಟ್ಟು, ಎತ್ತಿ ಕಟ್ಟಿದ ಪಂಚೆಯಲ್ಲಿ ಗುಡಿಸುತ್ತಿದ್ದ. ಜಯಲತಾ ಹಿಂದಿನಿಂದ ನೀರು ಸುರಿಯುತ್ತಾ, "ಮೂಲೆ! ಮೂಲೆ ಬಿಟ್ರಿ!" ಎನ್ನುತ್ತಿದ್ದಳು. ಗುಟ್ಕಾ ಕಲೆಯನ್ನು ತಿಕ್ಕುವಾಗ ಅವನು ಮೊದಲ ಬಾರಿಗೆ, "ಯಾವ ಬೇವರ್ಸಿ ಇಲ್ಲಿ ಉಗುಳುವುದು?" ಎಂದು ಕಿರುಚಿದ. ಅದು ಧರ್ಮಪಾಲ. ಅವನು ಸಂದಿ ಮುಚ್ಚಿಕೊಂಡ. ಮಾನಸಿ ನಗು ತಡೆಯಲಾರದೆ ಅಮ್ಮನ ಸೆರಗು ಬಾಯಿಗೆ ತುರುಕಿಕೊಂಡಳು. ಹಬ್ಬ ಮುಗಿದ ವಾರದಲ್ಲಿ ಹೊಸ ಪೈಪು ಬಂತು, ಗಟಾರದ ಮೇಲೆ ಕಲ್ಲು ಚಪ್ಪಡಿ ಬಂತು.

ಪೊರಕೆ ಹೊರಟಿತು. ಮಾಲೀಕನ ಬಾಗಿಲಿಂದ ಶಿಂದೆ ಮಾವಶಿಗೆ, ಅಲ್ಲಿಂದ ಪ್ರಫುಲ್ಲಾಳಿಗೆ, ಹಾಗೇ ಮೇಲೆ ಮೇಲೆ. ಈಗ ಯಾರೂ ಇಟ್ಟು ಓಡುತ್ತಿರಲಿಲ್ಲ. ಕೈಯಿಂದ ಕೈಗೆ ಕೊಡುವುದು ರೂಢಿಯಾಯಿತು. ಬಾಗಿ ದಿನಾ ಬೆಳಿಗ್ಗೆ ಬಾಗಿಲು ತೆರೆದು ನೋಡುವಳು. ಬಾಗಿಲ ಪಕ್ಕದ ಗೋಡೆ ಖಾಲಿ. ಆ ಖಾಲಿ ಗೋಡೆ ನೋಡಿಯೇ ಅವಳಿಗೆ ಅರ್ಧ ಹೊಟ್ಟೆ ತುಂಬುತ್ತಿತ್ತು.

ಒಂದು ಭಾನುವಾರ ಕದ ತಟ್ಟಿದ ಸದ್ದು. ಹೊರಗೆ ಮರಗಮ್ಮ, ಕೈಯಲ್ಲಿ ಪೊರಕೆ. "ಹಿಡಿ ಯವ್ವಾ. ನಿಮ್ಮ ಮನಿ ಪಾಳಿ ಬಂತು."

ಬಾಗಿ ಎರಡೂ ಕೈ ಚಾಚಿ ತೆಗೆದುಕೊಂಡಳು. ಕಣ್ಣು ತುಂಬಿ ಬಂತು. ಬಂತಲ್ಲ! ಎಲ್ಲರ ಬಾಗಿಲಿಗೂ ಹೋಗಿ ಬಂತು! ಅವಳು ನಕ್ಕಳು, ಬಿಲ್ಡಿಂಗು ಅದುರುವಂತೆ. ಒಳಗೆ ಚೆನ್ನಯ ಗಾಬರಿಯಿಂದ ಎದ್ದು ಚಪ್ಪಲಿ ಹುಡುಕತೊಡಗಿದ.

"ಚಪ್ಪಲಿ ಬೇಡ" ಎಂದು ಬಾಗಿ ಪೊರಕೆಯನ್ನು ಅವನ ಕೈಯಲ್ಲಿಟ್ಟಳು. "ಬರಿಗಾಲಲ್ಲಿ ಹೋಗಿ. ಮೇಲಿನಿಂದ ಶುರುಮಾಡಿ."

"ನಾನಾ?"

"ಮರಗಮ್ಮಕ್ಕ ಎಂತ ಹೇಳಿದ್ದು? ನಿಮ್ಮ ಮನೆ ಪಾಳಿ ಅಂತ. ಬಾಗಿಯ ಪಾಳಿ ಅಂತ ಹೇಳಲಿಲ್ಲ."

ಚೆನ್ನಯ ಮಗಳ ಕಡೆ ನೋಡಿದ. ಮಾನಸಿ ಗಂಜಿಯ ತಟ್ಟೆ ಮುಂದಿಟ್ಟುಕೊಂಡು, ಒಣಮೀನು ಮುರಿದು, ಐದೂ ಬೆರಳಲ್ಲಿ ಕಲಸುತ್ತಿದ್ದಳು. "ಜಾವೋ ನಾ ಪಪ್ಪಾ" ಎಂದಳು. ಅವನು ಲುಂಗಿ ಎತ್ತಿ ಕಟ್ಟಿ ಹೊರಟ.

ಬಾಗಿ ಚಹದ ಗ್ಲಾಸು ಹಿಡಿದು ಮೇಲಿನ ಮೆಟ್ಟಿಲಲ್ಲಿ ಕಾಲು ಚಾಚಿ ಕೂತಳು. ಚೆನ್ನಯ ಸುರಿದ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಕೆಳಗೆ ಮೊದಲನೇ ಮಾಳಿಗೆಯ ಬಾಗಿಲು ತೆರೆಯಿತು. ಸರ್ವೋತ್ತಮ ಹೋಟೆಲಿಗೆ ಹೊರಟಿದ್ದ. ಒದ್ದೆ ಮೆಟ್ಟಿಲಿಗೆ ಕಾಲೆತ್ತಿದ.

"ಸರ್ವೋತ್ತಮಣ್ಣ," ಬಾಗಿ ಕೂತಲ್ಲಿಂದಲೇ ಬಗ್ಗಿ ಕೂಗಿದಳು, "ನೆಲ ಒದ್ದೆ ಉಂಟು. ಒಣಗುವವರೆಗೆ ಸ್ವಲ್ಪ ನಿಲ್ಲಿ."

ಅವನು ತಲೆಯೆತ್ತಿ ನೋಡಿದ. ಎತ್ತಿದ ಕಾಲು ಹಿಂದಕ್ಕೆ ತೆಗೆದ. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ತನ್ನ ಬಾಗಿಲಲ್ಲೇ ನಿಂತ.